ತೀರ್ಪಿಗೆ ಮೊದಲಿನ ಪ್ರಶ್ನೆ

(ಬಾನುಲಿ ಭಾಷಣ)

ನಮ್ಮ ಊರುಗಳಲ್ಲಿ ದಿನವೂ ಸಂಜೆ ಒಂದು ನ್ಯಾಯಾಲಯ ಕೂಡುತ್ತದೆ. ಅದಕ್ಕೆ ಕಟ್ಟಡವಿಲ್ಲ, ಗಂಟೆಯಿಲ್ಲ, ಕರಿಯ ನಿಲುವಂಗಿಯ ವಕೀಲರಿಲ್ಲ. ಉಡುಪಿಯ ರಥಬೀದಿಯ ಅಂಚಿನ ಜಗಲಿಯಾಗಲಿ, ಮಣಿಪಾಲದ ಬಸ್ಸು ತಂಗುದಾಣವಾಗಲಿ, ಕಾರ್ಕಳದ ಹೋಟೆಲೊಂದರ ಮೂಲೆಯ ಮೇಜಾಗಲಿ, ನಾಲ್ಕು ಜನ ಸೇರಿದರೆ ಸಾಕು, ಕಲಾಪ ಆರಂಭವಾಗುತ್ತದೆ. ಇಂಥವರ ಮಗ ಮುಂಬಯಿಯ ಕೆಲಸ ಬಿಟ್ಟು ಬಂದನಂತೆ. ಇಂಥವರ ಮಗಳು ಗಂಡನ ಮನೆಯಿಂದ ಹಿಂತಿರುಗಿದಳಂತೆ. ಇಂಥವರು ತಂದೆಯ ಕಾಲದ ಗದ್ದೆಯನ್ನು ಮಾರಿದರಂತೆ. 'ಅಂತೆ' ಎಂಬ ಎರಡಕ್ಷರವೇ ಇಲ್ಲಿನ ಏಕೈಕ ಸಾಕ್ಷಿ. ಆರೋಪಿ ಸಭೆಯಲ್ಲಿರುವುದಿಲ್ಲ, ಇರಬಾರದು ಎಂಬುದೇ ಈ ನ್ಯಾಯಾಲಯದ ಮೊದಲ ನಿಯಮ. ಕಾಫಿ ಆರುವುದರೊಳಗೆ ತೀರ್ಪು ಹೊರಬೀಳುತ್ತದೆ. ಮೇಲ್ಮನವಿಗೆ ಅವಕಾಶವಿಲ್ಲ.

ನಾನೂ ಈ ನ್ಯಾಯಪೀಠದಲ್ಲಿ ಬಹುಕಾಲ ಕುಳಿತವನೇ. ಆದ್ದರಿಂದ ಇಂದು ನಾನು ಹೇಳಹೊರಟಿರುವ ಮಾತು ಉಪದೇಶವಲ್ಲ. ತಡವಾಗಿ ಕಲಿತ ಒಂದು ಪಾಠದ ನಿವೇದನೆ ಮಾತ್ರ. ಇತರರ ಬದುಕನ್ನು ನಾವು ಎರಡು ಬಗೆಯಾಗಿ ನೋಡಬಹುದು. ಅದರ ಮೇಲೆ ತೀರ್ಪು ಕೊಡಬಹುದು. ಇಲ್ಲವೇ ಅದರಿಂದ ಕಲಿಯಬಹುದು. ಎರಡನ್ನೂ ಏಕಕಾಲಕ್ಕೆ ಮಾಡುವುದು ಬಹಳ ಕಷ್ಟ. ಏಕೆ ಕಷ್ಟವೆಂಬುದನ್ನು ನಮ್ಮ ಭಾಷೆಯೇ ಸೂಚಿಸುತ್ತದೆ. 'ತೀರ್ಪು' ಎಂಬ ಪದದ ಮೂಲ 'ತೀರು' ಎಂಬ ಧಾತು. ತೀರು ಎಂದರೆ ಮುಗಿ, ಕೊನೆಗೊಳ್ಳು. ಸಾಲ ತೀರಿತು ಎನ್ನುತ್ತೇವೆ. ಮನುಷ್ಯ ಸತ್ತರೆ ತೀರಿಕೊಂಡ ಎನ್ನುತ್ತೇವೆ. ತೀರ್ಪು ಕೊಟ್ಟ ಕ್ಷಣದಲ್ಲಿ ಆ ಮನುಷ್ಯ ನಮ್ಮ ಪಾಲಿಗೆ ತೀರಿದ. ಅವನ ಬಗ್ಗೆ ಇನ್ನು ಕೇಳಬೇಕಾದುದು, ತಿಳಿಯಬೇಕಾದುದು ಏನೂ ಉಳಿಯಲಿಲ್ಲ. ಕಲಿಯುವವನಿಗಾದರೋ ವಿಷಯ ಮುಗಿಯುವುದೇ ಇಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ತೀರ್ಪು ಕೊಡಲು ಒಂದು ಸಂಗತಿ ತಿಳಿದಿದ್ದರೆ ಸಾಕು. ಗದ್ದೆ ಮಾರಿದ ಎಂಬಷ್ಟು ಗೊತ್ತಾದರೆ 'ಪೋಲಿ' ಎನ್ನಬಹುದು. ಕಲಿಯಬೇಕಾದರೆ ಮಾತ್ರ ಅಷ್ಟು ಸಾಲದು. ಯಾವಾಗ ಮಾರಿದ, ಯಾರ ಕಾಯಿಲೆಗಾಗಿ, ಯಾರ ಮದುವೆಗಾಗಿ, ಮಾರುವ ಮುನ್ನ ಎಲ್ಲೆಲ್ಲಿ ಸಾಲ ಕೇಳಿದ, ಆ ರಾತ್ರಿ ಮನೆಯಲ್ಲಿ ಯಾರು ಊಟ ಮಾಡಲಿಲ್ಲ, ಇದೆಲ್ಲವೂ ಬೇಕಾಗುತ್ತದೆ. ತೀರ್ಪು ಸುಲಭ, ಕಲಿಕೆ ಕಷ್ಟ. ನಾವು ಸಾಮಾನ್ಯವಾಗಿ ಮೊದಲಿನದನ್ನು ಆರಿಸಿಕೊಳ್ಳುವುದಕ್ಕೆ ನಮ್ಮ ದುಷ್ಟತನಕ್ಕಿಂತ ನಮ್ಮ ಸೋಮಾರಿತನವೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ.

ಕಲಿಯುವ ದೃಷ್ಟಿ ಎಂಥದು ಎಂಬುದನ್ನು ನಾನು ಪುಸ್ತಕದಲ್ಲಿ ನೋಡಿದ್ದಕ್ಕಿಂತ ಮೊದಲು ಕಾಪುವಿನ ಕಡಲ ದಡದಲ್ಲಿ ನೋಡಿದೆ. ಅಲ್ಲಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೀವೆಲ್ಲ ಬಲ್ಲಿರಿ. ಅದರ ಬುಡದಲ್ಲಿ ಬಲೆ ಒಣಗಿಸುತ್ತ ಕುಳಿತ ಹಿರಿಯ ಮೀನುಗಾರರ ಮಾತನ್ನು ಒಮ್ಮೆ ಕೇಳಿದ್ದೆ. ಹಿಂದಿನ ದಿನ ಯಾರದೋ ದೋಣಿ ಬಂಡೆಗೆ ತಾಗಿ ಒಡೆದಿತ್ತು, ಪುಣ್ಯಕ್ಕೆ ಜೀವಹಾನಿಯಾಗಿರಲಿಲ್ಲ. ದೋಣಿಯವನು ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆಯೇ ಅಲ್ಲಿ ನಡೆಯಲಿಲ್ಲ. ಗಾಳಿ ಯಾವ ಕಡೆಯದಿತ್ತು, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಅವನು ಯಾವಾಗ ದಡದತ್ತ ತಿರುಗಿಸಿದ, ತಿರುಗಿಸುವಾಗ ದೀಪ ಯಾವ ಭಾಗದಲ್ಲಿ ಕಾಣುತ್ತಿತ್ತು, ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಆತ ಅವಸರಪಟ್ಟನೆಂಬುದು ಅವರಿಗೆ ತಿಳಿಯದೆ ಇರಲಿಲ್ಲ. ಆದರೆ ನಾಳೆ ಅದೇ ನೀರಿಗೆ ಇಳಿಯಬೇಕಾದವರು ಅವರು. ಮುಳುಗಿದವನನ್ನು ಬೈದರೆ ಬಂಡೆ ಪಕ್ಕಕ್ಕೆ ಸರಿಯುವುದಿಲ್ಲವೆಂಬ ಅರಿವು ಅವರಿಗಿತ್ತು.

ದಡದಲ್ಲಿ ಕುಳಿತವನು ತೀರ್ಪು ಕೊಡುತ್ತಾನೆ. ನೀರಿಗೆ ಇಳಿಯುವವನು ಕಲಿಯುತ್ತಾನೆ. ಬದುಕಿನ ವಿಷಯದಲ್ಲಿ ನಾವೆಲ್ಲರೂ ನೀರಿಗಿಳಿಯುವವರೇ ಎಂಬುದನ್ನು ಸಂಜೆಯ ಜಗಲಿಯ ಮೇಲೆ ಮರೆತುಬಿಡುತ್ತೇವೆ.

ಈ ಮಾತಿಗೆ ಸಾಹಿತ್ಯದಿಂದ ಒಂದು ನಿದರ್ಶನವನ್ನು ನೋಡೋಣ. ಕಾಪುವಿನಲ್ಲಿ ದೀಪಸ್ತಂಭ ಎದ್ದ ಅದೇ 1901ನೆಯ ಇಸವಿಯಲ್ಲಿ, ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಒಬ್ಬ ತರುಣರು ಕ್ಷಯರೋಗಕ್ಕೆ ಬಲಿಯಾದರು. ಹೆಸರು ಲಕ್ಷ್ಮೀನಾರಣಪ್ಪ, ಹುಟ್ಟಿದ್ದು 1870ರಲ್ಲಿ, ಕಾರ್ಕಳದ ಸಮೀಪದ ನಂದಳಿಕೆಯಲ್ಲಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುವುದು ಅವರ ಉದ್ಯೋಗ. ಸಂಬಳ ಅಲ್ಪ, ದೇಹ ದುರ್ಬಲ. ಅವರೇ ನಾವಿಂದು ಹೊಸಗನ್ನಡದ ಮುಂಗೋಳಿ ಎಂದು ಗೌರವಿಸುವ ಮುದ್ದಣ ಕವಿ. 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ' ಎಂಬ ಅವರ ಕೃತಿಗಳು ಮೈಸೂರಿನ ಕಾವ್ಯಪ್ರಕಟನ ಪತ್ರಿಕೆಗಳ ಮೂಲಕ ಬೆಳಕು ಕಂಡವು. ಆದರೆ ಅವರು ಅವುಗಳನ್ನು ತಮ್ಮವೆಂದು ಹೇಳಿ ಕಳುಹಿಸಲಿಲ್ಲ. ಯಾವನೋ ಹಳೆಯ ಕವಿಯ ಕೃತಿಗಳು ತಮಗೆ ದೊರೆತಿವೆ ಎಂಬಂತೆ ಕಳುಹಿಸಿದರು. ಮುದ್ದಣನೆಂದರೆ ಯಾರು, ಯಾವ ಕಾಲದವನು ಎಂಬ ಗೊಂದಲ ವಿದ್ವಾಂಸರಲ್ಲಿ ಬಹುಕಾಲ ಉಳಿಯಿತು. ಸತ್ಯಸಂಗತಿ ಸ್ಪಷ್ಟವಾಗುವ ವೇಳೆಗೆ ಕವಿ ಇರಲಿಲ್ಲ.

ಈಗ ನಮ್ಮ ಜಗಲಿಯ ನ್ಯಾಯಾಲಯಕ್ಕೆ ಈ ಪ್ರಕರಣವನ್ನು ಒಪ್ಪಿಸಿ ನೋಡಿ. ಸಂಗತಿ ಸ್ಪಷ್ಟವಿದೆ: ಒಬ್ಬಾತ ತಾನು ಬರೆದದ್ದನ್ನು ಪ್ರಾಚೀನವೆಂದು ನಂಬಿಸಿದ. ಸಂಪಾದಕರನ್ನೂ ಓದುಗರನ್ನೂ ವಂಚಿಸಿದ. ತೀರ್ಪು ಬರೆಯಲು ಅರ್ಧ ನಿಮಿಷವೂ ಬೇಡ. ಆದರೆ ಆ ತೀರ್ಪಿನಿಂದ ನಮಗೆ ತಿಳಿದದ್ದೇನು? ಏನೂ ಇಲ್ಲ. ಅದರ ಬದಲು, ಆತ ಹಾಗೇಕೆ ಮಾಡಿದ ಎಂದು ಕೇಳತೊಡಗಿದರೆ ಒಂದು ಯುಗವೇ ಕಣ್ಣೆದುರು ತೆರೆದುಕೊಳ್ಳುತ್ತದೆ. ಹಳೆಯದಕ್ಕೆ ಮಾತ್ರ ಮಾನ್ಯತೆಯಿದ್ದ ಕಾಲ ಅದು. ಪದವಿಯಿಲ್ಲದ, ಪಂಡಿತಪೀಠವಿಲ್ಲದ, ರಾಜಾಶ್ರಯದಿಂದ ದೂರವಾದ ಕರಾವಳಿಯ ಒಬ್ಬ ವ್ಯಾಯಾಮ ಶಿಕ್ಷಕ 'ಇದು ನಾನು ಬರೆದ ಕಾವ್ಯ' ಎಂದು ಕಳುಹಿಸಿದ್ದರೆ ಅದನ್ನು ಬಿಚ್ಚಿ ಓದುವ ವ್ಯವಧಾನ ಎಷ್ಟು ಜನರಿಗೆ ಇರುತ್ತಿತ್ತು? ಲೋಕ ಕೃತಿಯನ್ನು ನೋಡುವ ಮೊದಲು ಕರ್ತೃವಿನ ಮೇಲೆ ತೀರ್ಪು ಕೊಡುತ್ತದೆಂಬುದನ್ನು ಅವರು ಬಲ್ಲರು. ಆದ್ದರಿಂದ ಕರ್ತೃವನ್ನೇ ಮರೆಮಾಡಿದರು. ಅವರ ಅಡಗುವಿಕೆಯಲ್ಲಿ ಅವರ ಸ್ವಭಾವದ ಸಂಕೋಚ ಎಷ್ಟಿತ್ತೋ ನಮ್ಮ ಸಮಾಜದ ಕಾಠಿಣ್ಯವೂ ಅಷ್ಟೇ ಇತ್ತು.

ಹಾಗೆ ಅಡಗಿ ಕುಳಿತವರು 'ರಾಮಾಶ್ವಮೇಧ'ದಲ್ಲಿ ಮಾಡಿದ್ದೇನೆಂಬುದನ್ನು ನೆನೆಯಿರಿ. ಮುದ್ದಣ ಕಥೆ ಹೇಳುತ್ತಾನೆ, ಅವನ ಮಡದಿ ಮನೋರಮೆ ಕೇಳುತ್ತಾಳೆ. ಕೇಳುವುದೆಂದರೆ ಸುಮ್ಮನೆ ತಲೆದೂಗುವುದಲ್ಲ. ಅಡ್ಡ ಕೇಳುತ್ತಾಳೆ, ನಗುತ್ತಾಳೆ, ಅರ್ಥವಾಗದ ಮಾತಿಗೆ ತಕರಾರು ತೆಗೆಯುತ್ತಾಳೆ. ಮಳೆಗಾಲದ ಆ ಮನೆಯ ಜಗಲಿಯೂ ಜಗಲಿಯೇ. ಆದರೆ ಅಲ್ಲಿ ನಡೆಯುವುದು ವಿಚಾರಣೆಯಲ್ಲ, ಸಲ್ಲಾಪ. ಹೊರಗಿನ ಲೋಕದಲ್ಲಿ ತನ್ನ ಹೆಸರನ್ನೇ ಹೇಳಲಾರದ ಕವಿ, ತನ್ನನ್ನು ಪ್ರೀತಿಯಿಂದ ಪ್ರಶ್ನಿಸುವ ಒಬ್ಬ ಕೇಳುಗಳನ್ನು ಕಾವ್ಯದೊಳಗೆ ಕಟ್ಟಿಕೊಂಡ. ಈ ದೃಷ್ಟಿಯಿಂದ ನೋಡಿದಾಗ ಆ ಸಂವಾದದ ಸೊಗಸಿನ ಹಿಂದೆ ಒಂದು ಒಂಟಿತನವೂ ಇರಬಹುದೆಂದು ನನಗೆ ಅನ್ನಿಸುತ್ತದೆ.

ಇನ್ನು ನನ್ನ ಸ್ವಂತದ ಒಂದು ಪ್ರಸಂಗವನ್ನು ಹೇಳಬೇಕು. ಹೇಳದೆ ಇದ್ದರೆ ಮೇಲಿನ ಮಾತುಗಳಿಗೆ ನನಗೆ ಅಧಿಕಾರವಿಲ್ಲ.

1980ರ ದಶಕದ ಕೊನೆಯ ವರ್ಷಗಳು. ನಾನು ಅಧ್ಯಾಪಕನಾಗಿ ಹೆಚ್ಚು ಕಾಲವಾಗಿರಲಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿಗಳಿಂದ ಪ್ರಬಂಧಗಳನ್ನು ಕೇಳಿದ್ದೆವು. ಕಡಲತಡಿಯ ಕಡೆಯಿಂದ ಬರುತ್ತಿದ್ದ, ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರುತ್ತಿದ್ದ ಒಬ್ಬ ಹುಡುಗ ಸಮುದ್ರವನ್ನು ಕುರಿತು ಎಂಟು ಪುಟದ ಪ್ರಬಂಧವನ್ನು ತಂದುಕೊಟ್ಟ. ಓದತೊಡಗಿದೊಡನೆ ನನಗೆ ಅದರ ಗುರುತು ಹತ್ತಿತು. ಹಳೆಯ ಮಾಸಪತ್ರಿಕೆಯೊಂದರಲ್ಲಿ ಬಂದ ಬರೆಹ ಅದು, ಒಂದಕ್ಷರವೂ ಬದಲಾಗಿರಲಿಲ್ಲ. ಮರುದಿನ ನಾನು ಆ ಪತ್ರಿಕೆಯನ್ನು ಗ್ರಂಥಾಲಯದಿಂದ ತರಿಸಿ, ತರಗತಿಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ, ಮೊದಲು ಅವನ ಹಾಳೆಯಿಂದ ಒಂದು ವಾಕ್ಯ, ಬಳಿಕ ಪತ್ರಿಕೆಯಿಂದ ಅದೇ ವಾಕ್ಯ, ಹೀಗೆ ಓದುತ್ತ ಹೋದೆ. ತರಗತಿ ನಕ್ಕಿತು. ನನಗೆ ನನ್ನ ನೆನಪಿನ ಶಕ್ತಿಯ ಬಗ್ಗೆ, ನ್ಯಾಯನಿಷ್ಠೆಯ ಬಗ್ಗೆ ಹೆಮ್ಮೆಯಾಯಿತು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಮುಂದಿನ ವಾರದಿಂದ ಅವನು ಬರಲಿಲ್ಲ. ಆ ವರ್ಷ ಪರೀಕ್ಷೆಗೂ ಕೂರಲಿಲ್ಲವೆಂದು ಬಳಿಕ ತಿಳಿಯಿತು.

ನನ್ನ ತೀರ್ಪು ತಪ್ಪಾಗಿರಲಿಲ್ಲ. ಅವನು ಕೃತಿಚೌರ್ಯ ಮಾಡಿದ್ದ, ಅದು ದೋಷವೇ. ಆದರೆ ಅದೇ ತಿಂಗಳು ನಾನು ಅದೇ ತರಗತಿಗೆ ಮುದ್ದಣನನ್ನು ಪಾಠ ಹೇಳುತ್ತಿದ್ದೆ. ಒಬ್ಬ ತನ್ನ ಬರೆಹಕ್ಕೆ ಪರರ ಹೆಸರಿಟ್ಟ. ಇನ್ನೊಬ್ಬ ಪರರ ಬರೆಹಕ್ಕೆ ತನ್ನ ಹೆಸರಿಟ್ಟ. ಮೊದಲನೆಯವನ ಸಂಕೋಚವನ್ನು ಕಣ್ಣಲ್ಲಿ ನೀರು ಬರುವಂತೆ ವರ್ಣಿಸಿದ ನನಗೆ ಎರಡನೆಯವನಲ್ಲಿಯೂ ಅದೇ ಬಗೆಯ ಭಯ, 'ನನ್ನದೆಂದರೆ ಯಾರು ಮೆಚ್ಚುತ್ತಾರೆ' ಎಂಬ ಭಯ, ಇದ್ದೀತೆಂದು ಹೊಳೆಯಲೇ ಇಲ್ಲ. ಪುಸ್ತಕದೊಳಗಿನ ಬದುಕಿನಿಂದ ಕಲಿಯುವುದು, ಬೆಂಚಿನ ಮೇಲಿನ ಬದುಕಿಗೆ ತೀರ್ಪು ಕೊಡುವುದು—ಸಾಹಿತ್ಯದ ಅಧ್ಯಾಪಕರಾದ ನಮಗೆ ಒದಗುವ ದೊಡ್ಡ ಅಪಾಯ ಇದೇ. ಇನ್ನೂ ಒಂದು ಸಂಗತಿ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಹಳೆಯ ಪತ್ರಿಕೆಗಳ ರಾಶಿಯಲ್ಲಿ ಆ ಹುಡುಗ ಆರಿಸಿಕೊಂಡದ್ದು ಕಳಪೆ ಬರೆಹವನ್ನಲ್ಲ, ಅತ್ಯುತ್ತಮವಾದ ಗದ್ಯವನ್ನು. ಅವನಿಗೆ ಒಳ್ಳೆಯ ಕನ್ನಡದ ಕಿವಿಯಿತ್ತು. ಅಧ್ಯಾಪಕನಾದವನು ಮೊದಲು ಕಾಣಬೇಕಾದದ್ದು ಅದನ್ನು. ನಾನು ಕಂಡದ್ದು ಕಳ್ಳತನವನ್ನು ಮಾತ್ರ.

ಮುದ್ದಣನ ನಂದಳಿಕೆಗೆ ಮತ್ತೆ ಬರೋಣ. ಆ ಊರು ಇನ್ನೊಂದು ಕಾರಣಕ್ಕೂ ಪ್ರಸಿದ್ಧ. ಅಲ್ಲಿ ಹುಣ್ಣಿಮೆಯ ರಾತ್ರಿ ನಡೆಯುವ ಸಿರಿ ಜಾತ್ರೆ. ಸಿರಿಯ ಕಥೆ ತುಳುನಾಡಿನವರಿಗೆ ಹೊಸದಲ್ಲ. ಸತ್ಯನಾಪುರದ ಅರಮನೆಯಲ್ಲಿ ಅಜ್ಜ ಬೆರ್ಮಾಳ್ವರ ಅಕ್ಕರೆಯಲ್ಲಿ ಬೆಳೆದವಳು. ಬಸರೂರಿನ ಕಾಂತು ಪೂಂಜನ ಕೈಹಿಡಿದವಳು. ಅವಳ ಬಯಕೆಯ ಸೀರೆಯನ್ನು ಗಂಡ ಮೊದಲು ಸಿದ್ದು ಎಂಬವಳಿಗೆ ಉಡಿಸಿ ಬಳಿಕ ತಂದುಕೊಟ್ಟಾಗ ಸಿರಿ ಅದನ್ನು ಮುಟ್ಟಲಿಲ್ಲ. ಮುಂದೆ ತಾನೇ ಮುಂದಾಗಿ ಆ ದಾಂಪತ್ಯವನ್ನು ಕಡಿದುಕೊಂಡಳು, ಕೊಡ್ಸರಾಳ್ವನನ್ನು ಮದುವೆಯಾದಳು, ಮಗಳು ಸೊನ್ನೆಯನ್ನು ಹೆತ್ತು ಕಣ್ಣುಮುಚ್ಚಿದಳು. ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ ದಾರಗರು ಚೆನ್ನೆಯಾಟದ ಜಗಳದಲ್ಲಿ ಜೀವ ಕಳೆದುಕೊಂಡರು. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಫಿನ್‌ಲೆಂಡಿನ ಲೌರಿ ಹೊಂಕೊ ಅವರು, ನಮ್ಮವರೇ ಆದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ದಾಖಲಿಸಿಕೊಂಡರು. 1998ರಲ್ಲಿ ಅದು ಪ್ರಕಟವಾದಾಗ 15,683 ಸಾಲುಗಳಿದ್ದುವು.

ಗಂಡನನ್ನು ಬಿಟ್ಟವಳು, ಇನ್ನೊಬ್ಬನನ್ನು ಕೂಡಿಕೊಂಡವಳು. ಜಗಲಿಯ ನ್ಯಾಯಾಲಯ ಇಂಥವಳಿಗೆ ಏನೆನ್ನುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಆದರೆ ನಮ್ಮ ನೆಲ ಅವಳನ್ನು ಕೈಮುಗಿದು ಕರೆಯಿತು. ಜಾತ್ರೆಯ ರಾತ್ರಿ ಮನೆಯ ಸಂಕಟದಲ್ಲಿ ಬೆಂದ ಹೆಂಗಸರು, ಗಂಡನ ತಾತ್ಸಾರದಿಂದಲೋ ಅತ್ತೆಯ ಮಾತಿನಿಂದಲೋ ಆಸ್ತಿಯ ಜಗಳದಿಂದಲೋ ನೊಂದವರು, ಕೈಯಲ್ಲಿ ಹಿಂಗಾರ ಹಿಡಿದು ನಿಲ್ಲುತ್ತಾರೆ. ಆವೇಶ ಬರುತ್ತದೆ. ಆಗ ಕುಮಾರನ ಪಾತ್ರಧಾರಿ ಅವರನ್ನು ಮಾತನಾಡಿಸುತ್ತಾನೆ. ಅವನ ಮೊದಲ ಪ್ರಶ್ನೆಯನ್ನು ಗಮನಿಸಿ. 'ನೀನೇನು ಮಾಡಿದೆ' ಎಂದು ಕೇಳುವುದಿಲ್ಲ. 'ನೀನು ಯಾರು' ಎಂದು ಕೇಳುತ್ತಾನೆ. ಸಿರಿಯೋ, ಸೊನ್ನೆಯೋ, ಅಬ್ಬಗಳೋ, ದಾರಗಳೋ? ಉತ್ತರ ಒಮ್ಮೆಲೇ ಬರುವುದಿಲ್ಲ. ಅವನು ಕಾಯುತ್ತಾನೆ, ಮತ್ತೆ ಕೇಳುತ್ತಾನೆ. ಆಕೆ ಯಾವ ಹೆಸರನ್ನು ಹೇಳುತ್ತಾಳೋ ಅದರಲ್ಲಿ ಅವಳ ನೋವಿನ ಸುಳಿವಿರುತ್ತದೆ. ಆಮೇಲೆ ಮನೆಯವರೂ ಕೇಳಬೇಕಾಗುತ್ತದೆ, ಮಾತನಾಡಬೇಕಾಗುತ್ತದೆ.

ಈ ಆಚರಣೆಯನ್ನು ನಂಬುವುದು ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ನಾನು ಇಲ್ಲಿ ಅದರ ವಿಧಾನವನ್ನಷ್ಟೇ ಎತ್ತಿಕೊಳ್ಳುತ್ತಿದ್ದೇನೆ. ಇನ್ನೊಬ್ಬಳ ಬದುಕಿನ ಕಥೆ ಇಲ್ಲಿ ತಕ್ಕಡಿಯಲ್ಲ, ಕನ್ನಡಿ. ಸಿರಿ ಸರಿಯೋ ತಪ್ಪೋ ಎಂದು ಯಾರೂ ತೂಗುವುದಿಲ್ಲ. ಸಿರಿಯ ಕಥೆಯಲ್ಲಿ ನಾನೆಲ್ಲಿದ್ದೇನೆ ಎಂದು ಹುಡುಕುತ್ತಾರೆ. ನಂದಳಿಕೆಯ ಮಗನಾದ ಕವಿಯನ್ನು ಅವನ ಕಾಲ 'ನೀನು ಯಾರು' ಎಂದು ಕೇಳಲಿಲ್ಲ. ನನ್ನ ಹಿಂದಿನ ಬೆಂಚಿನ ಹುಡುಗನನ್ನು ನಾನು ಕೇಳಲಿಲ್ಲ. ತೀರ್ಪಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೊಂದೇ.

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಆಕ್ಷೇಪ ಮೂಡಿರಬಹುದು. ಹಾಗಾದರೆ ತಪ್ಪನ್ನು ತಪ್ಪೆನ್ನಬಾರದೆ? ಕ್ರೂರಿಯಿಂದಲೂ ಲಂಚಕೋರನಿಂದಲೂ ಕೇವಲ ಪಾಠ ಕಲಿಯುತ್ತ ಕುಳಿತಿರಬೇಕೆ? ಇದು ನ್ಯಾಯವಾದ ಪ್ರಶ್ನೆ. ಉತ್ತರ ಸಿರಿಯ ಕಥೆಯಲ್ಲೇ ಇದೆ. ಸಿರಿ ತನ್ನ ಗಂಡನ ಕೃತ್ಯಕ್ಕೆ ತೀರ್ಪು ಕೊಟ್ಟವಳೇ, ಅಳುತ್ತ ಸಹಿಸಿದವಳಲ್ಲ. ಅನ್ಯಾಯಕ್ಕೆ ಒಳಗಾದವರಿಗೆ ಆ ಅಧಿಕಾರವಿದೆ. ಸಮಾಜ ನೇಮಿಸಿದ ನ್ಯಾಯಾಧೀಶರಿಗೆ ಅದು ಕರ್ತವ್ಯ. ಆದರೆ ಅವರಿಬ್ಬರೂ ತೀರ್ಪು ಕೊಡುವುದು ಕೃತ್ಯಕ್ಕೆ. ನಮ್ಮ ಜಗಲಿ ತೀರ್ಪು ಕೊಡುವುದು ಇಡೀ ಮನುಷ್ಯನಿಗೆ. ನನಗೆ ಅನ್ಯಾಯವೂ ಆಗಿಲ್ಲ, ನನ್ನನ್ನು ಯಾರೂ ನೇಮಿಸಿಯೂ ಇಲ್ಲ, ಸಾಕ್ಷ್ಯವನ್ನೂ ನಾನು ಕೇಳಿಲ್ಲ. ಆದರೂ ತೀರ್ಪು ನನ್ನದು. ತೊಂದರೆಯಿರುವುದು ಇಲ್ಲಿ.

ಮಣಿಪಾಲದ ವೈದ್ಯರನ್ನು ಕೇಳಿದರೆ ಈ ವಿವೇಕ ಇನ್ನಷ್ಟು ಸ್ಪಷ್ಟವಾದೀತು. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಬೋಳುಗುಡ್ಡದ ಮೇಲೆ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆಯ ಮತ್ತು ರೋಗಲಕ್ಷಣಗಳ ಒಂದು ಸಂಗ್ರಹಾಲಯವಿದೆ; ಸಾರ್ವಜನಿಕರೂ ಹೋಗಿ ನೋಡಬಹುದು. ಗಾಜಿನ ಪಾತ್ರೆಗಳಲ್ಲಿ ಮನುಷ್ಯನ ಹೃದಯ, ಯಕೃತ್ತು, ಶ್ವಾಸಕೋಶ. ಹೊಗೆಯಿಂದ ಕಪ್ಪಾದ ಶ್ವಾಸಕೋಶದ ಮುಂದೆ ನಿಂತಾಗ 'ಇವನಿಗೆ ಹೀಗೇ ಆಗಬೇಕಿತ್ತು' ಎಂದು ಯಾರ ಬಾಯಿಂದಲೂ ಬರುವುದಿಲ್ಲ. ಅವನ ಹೆಸರು, ಜಾತಿ, ನಡತೆ ಯಾವುದೂ ನಮಗೆ ತಿಳಿಯದು. ತಿಳಿಯುವುದು ಒಂದೇ: ನನ್ನೊಳಗೂ ಇಂಥದೇ ಒಂದು ಅಂಗವಿದೆ. ಹೊಗೆ ಕೆಟ್ಟದ್ದೆಂಬ ನಿರ್ಣಯ ಅಲ್ಲಿ ಸಡಿಲವಾಗಿಲ್ಲ, ಇನ್ನಷ್ಟು ಗಟ್ಟಿಯಾಗಿದೆ. ಆದರೆ ಮನುಷ್ಯನ ಮೇಲಿನ ತಿರಸ್ಕಾರ ಅದರಲ್ಲಿ ಬೆರೆತಿಲ್ಲ. ತಪ್ಪನ್ನು ತಪ್ಪೆಂದು ತಿಳಿಯುತ್ತಲೇ ತಪ್ಪಿದವನಿಂದ ಕಲಿಯಲು ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಕಾರ್ಕಳದ ಗೊಮ್ಮಟನನ್ನೂ ಇದೇ ಬೆಳಕಿನಲ್ಲಿ ನೋಡಬಹುದು. 1432ರಲ್ಲಿ ವೀರಪಾಂಡ್ಯ ಅರಸ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಆ ಮೂರ್ತಿಯ ಹಿಂದಿರುವ ಕಥೆ ಅಣ್ಣತಮ್ಮಂದಿರ ಜಗಳದ್ದು. ಭರತ ಚಕ್ರವರ್ತಿ ತಮ್ಮನ ರಾಜ್ಯವನ್ನೂ ಬಯಸಿದ. ಮೂರು ಬಗೆಯ ಯುದ್ಧದಲ್ಲಿ ಸೋತ. ಸೋತ ಸಿಟ್ಟಿನಲ್ಲಿ ಚಕ್ರವನ್ನೇ ಪ್ರಯೋಗಿಸಿದ. ಖಳನಾಯಕನಾಗಲು ಇನ್ನೇನು ಬೇಕು? ಆದರೆ ಜೈನ ಪರಂಪರೆ ಅವನನ್ನು ಖಳನೆನ್ನಲಿಲ್ಲ. ಕ್ರಿ.ಶ. 941ರ ಪಂಪನ 'ಆದಿಪುರಾಣ'ವನ್ನು ಓದಿದವರು ಬಲ್ಲರು. ಅಲ್ಲಿ ಅಣ್ಣನೂ ಒಬ್ಬ ದೊಡ್ಡ ಮನುಷ್ಯನೇ. ಗೆದ್ದ ತಮ್ಮನಿಗೆ ಅಣ್ಣನ ಆ ಕ್ಷಣದಲ್ಲಿ ಕಂಡದ್ದು ಅಣ್ಣನ ದೋಷವಲ್ಲ, ರಾಜ್ಯಲಕ್ಷ್ಮಿ ಮನುಷ್ಯನನ್ನು ಏನು ಮಾಡಬಲ್ಲಳೆಂಬ ಪಾಠ. ಆ ಪಾಠವನ್ನು ಅವನು ತನಗೆ ಅನ್ವಯಿಸಿಕೊಂಡು ಎಲ್ಲವನ್ನೂ ಬಿಟ್ಟು ನಡೆದ. ಹಾಗೆ ಬಿಟ್ಟು ನಿಂತ ಮೇಲೂ, ತಾನು ನಿಂತಿರುವುದು ಅಣ್ಣನ ನೆಲದಲ್ಲಿ ಎಂಬ ಸಣ್ಣ ಮುಳ್ಳು ಅವನ ಮನಸ್ಸಿನಲ್ಲಿ ಉಳಿದಿತ್ತೆಂದೂ, ಅಣ್ಣ ಬಂದು ನಮಿಸಿದ ಬಳಿಕವೇ ಅದು ಕಳಚಿತೆಂದೂ ಹೇಳುತ್ತಾರೆ. ಕಡೆಗೆ ಭರತನೂ ಕೇವಲಜ್ಞಾನವನ್ನು ಪಡೆಯುತ್ತಾನೆ. ಒಬ್ಬನ ಒಂದು ಗಳಿಗೆಯ ಕೃತ್ಯದಿಂದ ಅವನ ಇಡೀ ಬದುಕನ್ನು ಮುಚ್ಚಿಬಿಡದ ಧೈರ್ಯ ಆ ಕಥೆಗಿತ್ತು. ಅದೇ ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಒಂದೇ ಬಾಗಿಲಲ್ಲಿ ಇಣುಕಿ ಹಿಂತಿರುಗಿದವನು ಬಸದಿಯನ್ನು ಕಂಡೆನೆನ್ನಬಹುದೆ?

ನಮ್ಮ ಕಾಲದ ಸಾಹಿತ್ಯದಲ್ಲಿ ಈ ದೃಷ್ಟಿಯನ್ನು ನಮಗೆ ಕಲಿಸಿದ ಹಿರಿಯರು ಕೋಟದ ಶಿವರಾಮ ಕಾರಂತರು. ಅವರ 'ಮೂಕಜ್ಜಿಯ ಕನಸುಗಳು' 1968ರಲ್ಲಿ ಬಂದಿತು. ಜ್ಞಾನಪೀಠ ಪ್ರಶಸ್ತಿಯನ್ನು ಪಡೆಯಿತು. ಎಳವೆಯಲ್ಲೇ ವಿಧವೆಯಾಗಿ, ಲೋಕದಿಂದ ತೀರ್ಪುಗಳನ್ನೇ ಪಡೆದ ಅಜ್ಜಿ ಆಕೆ. ಅಂಥವಳು ಇತರರ ಬದುಕನ್ನು ಕುರಿತು ಕಟುವಾಗಬಹುದಾಗಿತ್ತು. ಆಕೆ ಕಟುವಾಗಲಿಲ್ಲ, ಕುತೂಹಲಿಯಾದಳು. ಕಾರಂತರು 1948ರಲ್ಲಿ ಬರೆದ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರು. ಲೋಕ ಯಾವ ಮಾತಿನಿಂದ ಅವರನ್ನು ತಳ್ಳಿಹಾಕಬಹುದಿತ್ತೋ ಆ ಮಾತನ್ನೇ ಎತ್ತಿ ಹಣೆಗೆ ಇಟ್ಟುಕೊಂಡು, ತಮ್ಮ ಸೋಲುಗಳನ್ನು ಮರೆಮಾಚದೆ ಬರೆದರು. ತಮ್ಮ ಬದುಕನ್ನೂ ಅವರು ಒಂದು ಪ್ರಯೋಗವಾಗಿ ನೋಡಿದರಲ್ಲದೆ ಒಂದು ಮೊಕದ್ದಮೆಯಾಗಿ ನೋಡಲಿಲ್ಲ. ಇತರರನ್ನು ಕುರಿತು ಕಠಿಣರಾದವರು ಬಹುಮಟ್ಟಿಗೆ ತಮ್ಮನ್ನು ಕುರಿತೂ ಕಠಿಣರಾಗಿರುತ್ತಾರೆ. ತಮ್ಮ ತಪ್ಪನ್ನು ನೋಡುವ ಧೈರ್ಯವಿಲ್ಲದೆ ನೆರೆಯವರ ತಪ್ಪನ್ನು ನೋಡುತ್ತಾರೆ. ನನ್ನ ಅನುಭವವಂತೂ ಹೀಗೆಯೇ.

ಹಾಗಾದರೆ ದಿನನಿತ್ಯದಲ್ಲಿ ಮಾಡಬೇಕಾದುದೇನು? ದೊಡ್ಡ ವ್ರತವೇನೂ ಬೇಡ. ಯಾರದಾದರೂ ಸುದ್ದಿ ಕಿವಿಗೆ ಬಿದ್ದಾಗ ನಾಲಗೆಯನ್ನು ಸ್ವಲ್ಪ ತಡೆದು, ಅವನ ಜಾಗದಲ್ಲಿ ನಾನಿದ್ದಿದ್ದರೆ ನನ್ನ ಮುಂದೆ ಯಾವ ಯಾವ ದಾರಿಗಳಿದ್ದುವು ಎಂದು ಎಣಿಸಿನೋಡಬಹುದು. ಎಷ್ಟೋ ಸಲ ನಾವು ನೆನೆದದ್ದಕ್ಕಿಂತ ದಾರಿಗಳು ಕಡಮೆಯಿರುತ್ತವೆ. ಸಾಧ್ಯವಿದ್ದರೆ ಆ ವ್ಯಕ್ತಿಯನ್ನೇ ಮಾತನಾಡಿಸಬಹುದು. ಅದು ಸಾಧ್ಯವಾಗದಿದ್ದರೆ, ನನಗೆ ಪೂರ್ತಿ ತಿಳಿಯದು ಎಂದು ಒಪ್ಪಿಕೊಂಡು ಸುಮ್ಮನಿರಬಹುದು. ಈ ಮೂರನೆಯದು ಎಲ್ಲಕ್ಕಿಂತ ಕಠಿಣ. ನನಗಿನ್ನೂ ಪೂರ್ತಿ ಬಂದಿಲ್ಲ.

ನನ್ನ ವಿದ್ಯಾರ್ಥಿಯ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೆ. ನಿವೃತ್ತನಾದ ಮೇಲೆ ಒಂದು ಸಂಜೆ ಕಾಪುವಿನ ದೀಪಸ್ತಂಭದ ಕೆಳಗಿನ ಮರಳಿನಲ್ಲಿ ನಡೆಯುತ್ತಿದ್ದೆ. ಐವತ್ತರ ಆಸುಪಾಸಿನ ಒಬ್ಬರು ಹತ್ತಿರ ಬಂದು ಕೈಮುಗಿದರು. ಹೆಸರು ಹೇಳಿದಾಗ ನನಗೆ ನಿಂತಲ್ಲೇ ಕಾಲು ಕುಸಿದಂತಾಯಿತು. ಅವರಲ್ಲಿ ಕಹಿಯ ಸುಳಿವಿರಲಿಲ್ಲ. ದೋಣಿಯೊಂದರಲ್ಲಿ ಪಾಲಿದೆಯೆಂದರು. ಮಗಳು ಕಾಲೇಜಿಗೆ ಹೋಗುತ್ತಾಳೆ, ಕನ್ನಡದಲ್ಲಿ ಏನೇನೋ ಬರೆಯುತ್ತಾಳೆ, ಸಾರ್ ಒಮ್ಮೆ ಓದಿ ಹೇಳಬಹುದೇ ಎಂದು ಕೇಳಿದರು. ಒಂದು ಕ್ಷಣ ಬಿಟ್ಟು, ಮೆಲ್ಲಗೆ, 'ಅವಳೇ ಬರೆದದ್ದು ಸಾರ್, ಬರೆಯುವಾಗ ನಾನೇ ನೋಡಿದ್ದೇನೆ' ಎಂದರು. ಅದು ಚುಚ್ಚುಮಾತಾಗಿರಲಿಲ್ಲ. ಅಷ್ಟು ವರ್ಷಗಳ ಬಳಿಕವೂ ನನ್ನ ಮುಂದೆ ಸಾಕ್ಷ್ಯ ಒದಗಿಸಬೇಕೆಂದು ಅವರಿಗೆ ತೋರಿತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇಕಾಗಿರಲಿಲ್ಲ.

ಕ್ಷಮೆ ಕೇಳಿದೆ. ಅವರು ನಕ್ಕು, ತಪ್ಪು ನನ್ನದೇ ಅಲ್ಲವೇ ಸಾರ್ ಎಂದರು. ಆಗ ನಾನು, ಅಂದು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: ಅಷ್ಟೊಂದು ಬರೆಹಗಳ ನಡುವೆ ಅದನ್ನೇ ಏಕೆ ಆರಿಸಿದಿರಿ? ಅವರು ಸ್ವಲ್ಪ ಹೊತ್ತು ಕಡಲನ್ನು ನೋಡುತ್ತ ನಿಂತರು. ಬಳಿಕ ಹೇಳಿದರು: ನಮ್ಮ ಅಪ್ಪ ಕಡಲಿನ ಬಗ್ಗೆ ಮಾತನಾಡುವುದು ಹಾಗೆಯೇ ಇತ್ತು ಸಾರ್. ಅಂಥ ಮಾತು ಪುಸ್ತಕದಲ್ಲೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಓದಿದಾಗ ಅದು ನಮ್ಮ ಮನೆಯದೇ ಅನ್ನಿಸಿತು.

ಅಂದು ನಾನು ಇದನ್ನು ಕೇಳಿದ್ದರೆ ಒಳ್ಳೆಯ ಗದ್ಯವೆಂದರೇನೆಂಬುದನ್ನು ಇಡೀ ತರಗತಿಗೆ ಆ ಹುಡುಗನೇ ಪಾಠ ಹೇಳುತ್ತಿದ್ದ. 'ನಿಮ್ಮಪ್ಪನ ಮಾತನ್ನೇ ಬರೆದು ತಾ' ಎಂದು ನಾನು ಹೇಳುತ್ತಿದ್ದೆ. ಅವನು ಏನು ಬರೆಯುತ್ತಿದ್ದನೋ ನಮಗೆ ಇನ್ನು ತಿಳಿಯಲಾರದು.

ಮಗಳ ಬರೆಹವನ್ನು ನಾನು ಓದಿದೆ. ಅದರಲ್ಲಿ ಅಜ್ಜನೊಬ್ಬ ಬಲೆ ಹೆಣೆಯುತ್ತ ಗಾಳಿಯ ದಿಕ್ಕನ್ನು ಹೇಳುತ್ತಾನೆ. ಕಾಗುಣಿತದ ತಪ್ಪುಗಳು ಕೆಲವಿದ್ದುವು. ಅವನ್ನು ತಿದ್ದುವ ಮೊದಲು, ಈ ಅಜ್ಜ ಯಾರು ಎಂದು ಕೇಳಿದೆ.